ದೆವ್ವದ ಹಾಡಿಗೆ ಯಾವ ಗಿಟಾರ್? ನನ್ನ ಓಟು ನೈಲಾನ್ ತಂತಿಗೆ

ಪುಟ್ಟ ಮಕ್ಕಳ ಗುಂಪಿಗೆ ಗಿಟಾರ್ ಕೊಳ್ಳುವುದಾದರೆ ಮುಕ್ಕಾಲು ಅಳತೆಯ, ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರನ್ನೇ ತಗೊಳ್ಳಿ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಮಕ್ಕಳ ಶನಿವಾರದ ಕ್ಲಾಸಿನಲ್ಲಿ ಸ್ಟೀಲ್ ತಂತಿಯದು, ಯುಕುಲೇಲೆ (ನಾಲ್ಕು ತಂತಿಯ ಪುಟ್ಟ ಗಿಟಾರಿನಂಥ ವಾದ್ಯ), ನೈಲಾನ್ ಮೂರರಲ್ಲೂ ಒಂದೇ ಹಾಡು ಕಲಿಸಿ ನೋಡಿದ್ದೇನೆ.

ಹಾಡು ‘ಸ್ಕಿನ್ ಅಂಡ್ ಬೋನ್ಸ್’. ಅಮೆರಿಕದ ಕೆಂಟಕಿ ಗುಡ್ಡಗಾಡಿನ ಜೀನ್ ರಿಚಿ (1922–2015) ಹಾಡುತ್ತಿದ್ದ ಜನಪದ ಹಾಡು. ಸ್ಮಶಾನದ ಪಕ್ಕ ಮೂಳೆ ಚಕ್ಕಳದ ಒಬ್ಬ ಮುದುಕಿ. ರಾತ್ರಿ ಸುತ್ತಾಡಲು ಹೋಗಿ ಅಲ್ಲಿ ಬಿದ್ದ ಮೂಳೆ ನೋಡುತ್ತಾಳೆ. ಪೊರಕೆ ತರಲು ಕಪಾಟಿನ ಬಾಗಿಲು ತೆಗೆದರೆ, ‘ಬೂ!’ ನಡುನಡುವೆ ‘ಊ ಊ’ ಅನ್ನುವ ಎಳೆತ. ಆ ‘ಬೂ’ಗಾಗಿ ಮಕ್ಕಳು ಎಷ್ಟು ಸಲ ಬೇಕಾದರೂ ನುಡಿಸುತ್ತಾರೆ. ನಾನು ಇ ಮೈನರ್, ಎ ಮೈನರ್ ಎರಡೇ ಕಾರ್ಡ್‌ಗೆ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಅದನ್ನು ಹೊಂದಿಸಿಕೊಂಡಿದ್ದೇನೆ.

ಸ್ಟೀಲ್ ತಂತಿಯ ಅಗ್ಗದ ಗಿಟಾರ್‌ಗಳನ್ನು ಪೋಷಕರು ಆನ್‌ಲೈನ್‌ನಲ್ಲಿ ತರಿಸಿದ್ದರು. ತಂತಿಗಳು ಫ್ರೆಟ್‌ಗಿಂತ (ಕತ್ತಿನ ಮೇಲಿನ ಅಡ್ಡ ಪಟ್ಟಿಗಳು) ತುಂಬಾ ಮೇಲೆ. ಇ ಮೈನರ್‌ಗೆ ಬೇಕಾದ್ದು ಎರಡೇ ಬೆರಳು, ಆದರೂ "ಟೀಚರ್, ಬೆರಳು ಉರೀತಿದೆ" ಅಂತ ಕೈ ಬಿಟ್ಟವರೇ ಜಾಸ್ತಿ. ಮಳೆಗಾಲದಲ್ಲಿ ತಂತಿಗೆ ತುಕ್ಕು ಬೇರೆ. ಒಂದು ಮಾತು ಒಪ್ಪಬೇಕು: ದಪ್ಪ ತಂತಿಯನ್ನು ಉಗುರಿನಿಂದ ಕೆರೆದು ಬಾಗಿಲು ಕಿರ್ರೆನ್ನಿಸಲು ಇದರಷ್ಟು ಚೆನ್ನಾಗಿ ಬೇರೆ ಯಾವುದರಲ್ಲೂ ಆಗಲ್ಲ.

ಯುಕುಲೇಲೆ ಕೈಗೆ ಸುಲಭ. ಎ ಮೈನರ್‌ಗೆ ಒಂದೇ ಬೆರಳು ಸಾಕು. ಆದರೆ ಸಾಮಾನ್ಯ ಯುಕುಲೇಲೆಯ ಅತಿ ಕೆಳಗಿನ ಸ್ವರ ಸುಮಾರು 262 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಗಿಟಾರಿನದು 82. ತಗ್ಗು ದನಿಯಿಲ್ಲದೆ ಸ್ಮಶಾನ ಎಲ್ಲಿಂದ ಬರಬೇಕು? ಮುದುಕಿ ಪಿಕ್‌ನಿಕ್‌ಗೆ ಹೊರಟ ಹಾಗೆ ಕೇಳುತ್ತದೆ.

ನೈಲಾನ್ ಬೆರಳಿಗೆ ಮೆತ್ತಗೆ. ಕತ್ತು ಅಗಲ, ಹಾಗಾಗಿ ಒಂದು ತಂತಿ ಒತ್ತಿದರೆ ಪಕ್ಕದ್ದಕ್ಕೆ ಬೆರಳು ತಾಗುವುದು ಕಡಿಮೆ. ಕೊರತೆ ಒಂದೇ, ಶ್ರುತಿ. ಅದು ನಿಜಕ್ಕೂ ತಲೆನೋವು.

ಹೊಸ ನೈಲಾನ್ ತಂತಿ ಹಿಗ್ಗುತ್ತಲೇ ಇರುತ್ತದೆ. ಕೊನೆಯ ಗಿಟಾರಿನ ಶ್ರುತಿ ಮುಗಿಸುವಷ್ಟರಲ್ಲಿ ಮೊದಲನೆಯದು ಇಳಿದಿರುತ್ತದೆ. ಇ ಮೈನರ್‌ನಲ್ಲಿ ಆರರಲ್ಲಿ ನಾಲ್ಕು ತಂತಿಗಳನ್ನು ಒತ್ತುವುದೇ ಇಲ್ಲ, ಬಿಟ್ಟ ತಂತಿಯ ಅಪಶ್ರುತಿ ನೇರವಾಗಿ ಕಿವಿಗೆ ಬೀಳುತ್ತದೆ. ಇಡೀ ಗುಂಪು ಒಟ್ಟಿಗೆ ಮೀಟಿದರೆ ಭಯ ಹೋಗಿ ಬರೀ ಗದ್ದಲ. ಫೋನಿನ ಟ್ಯೂನರ್ ಆ್ಯಪ್ ಇಲ್ಲಿ ಪ್ರಯೋಜನವಿಲ್ಲ. ಅದರ ಮೈಕಿಗೆ ಪಕ್ಕದ ಮಗುವಿನ ಗಿಟಾರೂ ಕೇಳುತ್ತದೆ.

ಕೈ ಹಿಡಿದದ್ದು ಕ್ಲಿಪ್ ಟ್ಯೂನರ್. ಗಿಟಾರಿನ ತಲೆಗೆ ಸಿಕ್ಕಿಸಿದರೆ ಮರದ ಕಂಪನವನ್ನೇ ಓದುತ್ತದೆ, ಸುತ್ತಲಿನ ಸದ್ದು ಅದಕ್ಕೆ ಅಡ್ಡಿಯಾಗಲ್ಲ. ಹೊಸ ತಂತಿಯನ್ನು ಮೆಲ್ಲಗೆ ಎತ್ತಿ ಎಳೆದು ಬಿಡುತ್ತೇನೆ. ಬಿರಡೆ ತಿರುಗಿಸುವಾಗ ಯಾವಾಗಲೂ ತಗ್ಗಿನಿಂದ ಮೇಲೇರಿಸಿಯೇ ಸ್ವರಕ್ಕೆ ತರುತ್ತೇನೆ. ಕ್ಲಾಸ್ ಮುಗಿದ ಮೇಲೆ ತಂತಿ ಸಡಿಲಿಸಲು ಬಿಡಲ್ಲ. ಆಮೇಲಾಮೇಲೆ ತಂತಿ ತಾನಾಗಿ ನಿಲ್ಲುತ್ತದೆ. ಅಲ್ಲಿಯವರೆಗೆ ಅರ್ಧ ಮಕ್ಕಳಿಗೆ ಆರನೇ ತಂತಿ, ಅಂದರೆ ಅತಿ ದಪ್ಪನೆಯದು ಮಾತ್ರ. ದಢ್, ದಢ್ ಅಂತ ಅದೊಂದನ್ನೇ ಮೀಟಿದರೂ ಮುದುಕಿಯ ಹೆಜ್ಜೆ ಕೇಳುತ್ತದೆ.

ನಮ್ಮ ಗಿಟಾರ್‌ಗಳು ಹಾಲ್‌ನ ಬೀರುವಿನಲ್ಲೇ ಇರುತ್ತವೆ. ಲೋಕಲ್ ರೈಲಿನಲ್ಲಿ ಹೊತ್ತು ತಿರುಗುವವರಾದರೆ ಯುಕುಲೇಲೆ ಹಗುರ ನಿಜ. ಗಿಟಾರ್ ಒಂದಕ್ಕೆ 6,000 ರೂಪಾಯಿ ನಮ್ಮ ಮಿತಿ, ಇಬ್ಬರಿಗೊಂದು ಕ್ಲಿಪ್ ಟ್ಯೂನರ್ ಪ್ರತ್ಯೇಕ. ಮುಂದಿನ ಬ್ಯಾಚ್‌ಗೂ ನೈಲಾನ್ ಗಿಟಾರನ್ನೇ ತರಿಸುತ್ತೇನೆ. ಸದ್ದು ಜಾಸ್ತಿ ಬರಲಿ ಅಂತ ಯಾರಾದರೂ ಇದಕ್ಕೆ ಸ್ಟೀಲ್ ತಂತಿ ಹಾಕಲು ಹೇಳಿದರೆ ಮಾತ್ರ ಕೇಳಬೇಡಿ. ಆ ಬಿಗಿತಕ್ಕೆ ಬ್ರಿಡ್ಜ್ (ಪೆಟ್ಟಿಗೆಯ ಮೇಲೆ ತಂತಿ ಕಟ್ಟುವ ಮರದ ತುಂಡು) ಕಿತ್ತು ಬರಬಹುದು.