ಕುದುರೆಗೆ ಇಂಜೆಕ್ಷನ್ ಕೋರ್ಸ್ ನಡೆಯುವಾಗ ‘ಲಿವರ್ ಪುಡಿ’ ಹಾಕಿಸಬೇಡಿ

ಕುದುರೆ, ತಟ್ಟು (ಗಿಡ್ಡ ಜಾತಿಯ ಕುದುರೆ), ಕತ್ತೆ ಸಾಕಿರುವವರು, ಅದರಲ್ಲೂ ತಿಂಗಳ ಬಾಡಿಗೆ ಕೊಟ್ಟು ಬೇರೆಯವರ ಲಾಯದಲ್ಲಿ ಬಿಟ್ಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಹೆಣ್ಣು ತಟ್ಟು ಗೌರಿ ಸಾವಿನ ಬಾಗಿಲು ತಟ್ಟಿ ಬಂದಿದ್ದಾಳೆ. ಅವಳ ಆ ಸ್ಥಿತಿಯಲ್ಲಿ ‘ಗಿಡಮೂಲಿಕೆ, ಯಾವ ಸೈಡ್ ಎಫೆಕ್ಟೂ ಇಲ್ಲ’ ಎಂದು ಹಾಕಿದ ಒಂದು ಪುಡಿಯ ಪಾಲೂ ಇದೆ.

ಬೆಂಗಳೂರಿನ ಹೊರವಲಯದ ಲಾಯ ಅದು. ಮಳೆಗಾಲ ಮುಗಿಯುತ್ತಿದ್ದಂತೆ ಗೌರಿಗೆ ಜ್ವರ ಬಂತು, ಮೂತ್ರ ಕೆಂಪಾಯಿತು, ಒಸಡು ಬಿಳಿಚಿಕೊಂಡು ಹಳದಿಗೆ ತಿರುಗಿತು. ರಕ್ತಪರೀಕ್ಷೆಯಲ್ಲಿ ಸಿಕ್ಕಿದ್ದು ಥೈಲೇರಿಯಾ ಈಕ್ವಿ. ಉಣ್ಣೆ ಹುಳು ಕಚ್ಚುವುದರಿಂದ ಬರುವ ರೋಗಾಣು ಇದು, ಕೆಂಪು ರಕ್ತಕಣಗಳ ಒಳಹೊಕ್ಕು ಅವುಗಳನ್ನು ಒಡೆಯುತ್ತದೆ. ಡಾಕ್ಟರು ಅದಕ್ಕೆ ಇಮಿಡೊಕಾರ್ಬ್ ಎಂಬ ಇಂಜೆಕ್ಷನ್ ಶುರು ಮಾಡಿದರು. ಸಾಮಾನ್ಯವಾಗಿ ತೂಕದ ಪ್ರತಿ ಕೆಜಿಗೆ 4 ಮಿಲಿಗ್ರಾಂ ಲೆಕ್ಕದಲ್ಲಿ 72 ಗಂಟೆಗೊಮ್ಮೆ 4 ಇಂಜೆಕ್ಷನ್ ಕೊಡುತ್ತಾರೆ. ಮೆತ್ತನೆಯ ಔಷಧಿಯಲ್ಲ. ಚುಚ್ಚಿದ ಸ್ವಲ್ಪ ಹೊತ್ತಿಗೆ ಜೊಲ್ಲು, ಹೊಟ್ಟೆನೋವು, ಭೇದಿ ಬರಬಹುದು. ಪ್ರಮಾಣ ಮೀರಿದರೆ ಲಿವರ್ ಮತ್ತು ಕಿಡ್ನಿ ಎರಡಕ್ಕೂ ಪೆಟ್ಟು. ಕತ್ತೆ, ಹೇಸರಗತ್ತೆಗಳಿಗೆ ಇನ್ನೂ ಅಪಾಯ. ಇದನ್ನೆಲ್ಲ ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು.

ಲಿವರ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಲಾಯ ನೋಡಿಕೊಳ್ಳುವವರು ತಮ್ಮಲ್ಲೇ ಮಾರಾಟಕ್ಕಿದ್ದ, ಲಿವರ್ ಕಾಪಾಡುತ್ತದೆ ಎನ್ನುವ ಪುಡಿಯನ್ನು ಗೌರಿಯ ಬೂಸಾಕ್ಕೆ ಬೆರೆಸಲು ಶುರು ಮಾಡಿದರು. ಡಾಕ್ಟರಿಗೂ ಹೇಳಲಿಲ್ಲ, ನಮಗೂ ಹೇಳಲಿಲ್ಲ. ಆಮೇಲೆ ಬಿಲ್ಲಿನಲ್ಲಿ ಮಾತ್ರ ಸೇರಿಸಿದ್ದರು. ಡಬ್ಬಿಯ ಮೇಲೆ ನೆಲಬೇವು, ಕಟುಕರೋಹಿಣಿ, ಕಿರುನೆಲ್ಲಿ, ಅಮೃತಬಳ್ಳಿ, ಹಿಪ್ಪಲಿ, ಮಂಡೂರ ಭಸ್ಮ ಎಂದು ಹೆಸರುಗಳಿದ್ದವು. ಯಾವುದು ಎಷ್ಟು ಎಂದಿರಲಿಲ್ಲ. ಲೈಸೆನ್ಸ್ ನಂಬರಿಲ್ಲ, ಬ್ಯಾಚ್ ನಂಬರಿಲ್ಲ.

ಮುಂದೆ ನಡೆದದ್ದನ್ನು ದಯವಿಟ್ಟು ನಿಧಾನವಾಗಿ ಓದಿ, ಏಕೆಂದರೆ ಇದು ಯಾವ ಲಾಯದಲ್ಲಿಯೂ ನಡೆಯಬಹುದು. ನೆಲಬೇವು, ಕಟುಕರೋಹಿಣಿ ಎಷ್ಟು ಕಹಿ ಎಂದು ಕಷಾಯ ಕುಡಿದವರಿಗೆ ಗೊತ್ತು. ಜ್ವರದಿಂದ ಮೊದಲೇ ಬಾಯಿರುಚಿ ಕೆಟ್ಟಿದ್ದ ಗೌರಿ ಬೂಸಾ ಮೂಸಿ ನೋಡಿ ಮುಖ ತಿರುಗಿಸಿದಳು. ಕುದುರೆ ಒಂದೆರಡು ದಿನ ಸರಿಯಾಗಿ ತಿನ್ನದಿದ್ದರೆ, ಲಿವರ್ ಎಷ್ಟೇ ಚೆನ್ನಾಗಿರಲಿ, ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ಏರಿ ಕಣ್ಣು, ಒಸಡು ಹಳದಿಯಾಗುತ್ತವೆ. ಕುದುರೆಯ ದೇಹದ ಗುಣವೇ ಅದು. ಇಲ್ಲಿ ರಕ್ತಕಣ ಒಡೆದ ಹಳದಿಯೂ ಇತ್ತು, ಉಪವಾಸದ ಹಳದಿಯೂ ಸೇರಿತು. ಲಾಯದವರು ಕಂಡದ್ದು ಹಳದಿ ಮಾತ್ರ. “ಲಿವರ್ ಕೆಟ್ಟಿದೆ, ಪುಡಿ ಸಾಲ್ತಾ ಇಲ್ಲ” ಎಂದು ಎರಡರಷ್ಟು ಹಾಕಿಸಿದರು. ಗೌರಿ ಇನ್ನಷ್ಟು ತಿನ್ನುವುದು ಬಿಟ್ಟಳು.

ತಟ್ಟು ಮತ್ತು ಕತ್ತೆಗಳಿಗೆ ಉಪವಾಸ ಎಂದರೆ ದೊಡ್ಡ ಕುದುರೆಗಳಿಗಿಂತ ಬಹಳ ಕೆಟ್ಟದ್ದು, ಮೈ ತುಂಬಿಕೊಂಡಿದ್ದರಂತೂ ಇನ್ನೂ ಕೆಟ್ಟದ್ದು. ಹೊಟ್ಟೆಗೆ ಏನೂ ಬೀಳದಿದ್ದಾಗ ಮೈಯ ಕೊಬ್ಬು ಕರಗಿ ರಕ್ತಕ್ಕೆ ನುಗ್ಗುತ್ತದೆ, ಲಿವರಿನಲ್ಲಿ ಹೋಗಿ ತುಂಬಿಕೊಳ್ಳುತ್ತದೆ. ಡಾಕ್ಟರು ರಕ್ತ ತೆಗೆದು ಟ್ಯೂಬನ್ನು ನಿಲ್ಲಿಸಿಟ್ಟಾಗ ಮೇಲೆ ತಿಳಿಯಾಗಿ ನಿಲ್ಲಬೇಕಿದ್ದ ಸೀರಮ್ ಹಾಲಿನಂತೆ ಬೆಳ್ಳಗಿತ್ತು. ಲಿವರ್ ಕಾಪಾಡಲೆಂದು ಹಾಕಿದ ಪುಡಿ ಅವಳ ಊಟ ಬಿಡಿಸಿತ್ತು, ಊಟ ಬಿಟ್ಟದ್ದರಿಂದ ಲಿವರಿನಲ್ಲಿ ಕೊಬ್ಬು ಕಟ್ಟಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಷ್ಟು ತಡವಾಗಿ ಗೊತ್ತಾಗಲು ಇನ್ನೊಂದು ಕಾರಣವಿದೆ. ಡಾಕ್ಟರು ರಕ್ತಪರೀಕ್ಷೆಗೆ ಹೇಳಿದ್ದಾಗ ಲಾಯದವರು ಹತ್ತಿರದಲ್ಲಿದೆ ಎಂದು ಮನುಷ್ಯರ ಲ್ಯಾಬಿಗೆ ಕಳಿಸಿ, ಎಸ್‌ಜಿಪಿಟಿ (ಮನುಷ್ಯರಲ್ಲಿ ಲಿವರ್ ಕೆಟ್ಟಿದೆಯೇ ಎಂದು ನೋಡುವ ಕಿಣ್ವ) ನಾರ್ಮಲ್ ಬಂದಿದೆ ಎಂದಷ್ಟೇ ಹೇಳಿದ್ದರು. ಕುದುರೆಯ ಲಿವರಿನಲ್ಲಿ ಆ ಕಿಣ್ವ ಇರುವುದೇ ಅತ್ಯಲ್ಪ, ಲಿವರ್ ಹಾಳಾದರೂ ಅದು ಏರಬೇಕೆಂದಿಲ್ಲ. ಕುದುರೆಯ ಲಿವರಿಗೆ ನೋಡಬೇಕಾದದ್ದು ಜಿಜಿಟಿ, ಜಿಎಲ್‌ಡಿಎಚ್, ಬೈಲ್ ಆಸಿಡ್. ಜೊತೆಗೆ ಕಿಡ್ನಿಗೆ ಕ್ರಿಯಾಟಿನಿನ್, ತಟ್ಟು ಕತ್ತೆಗಳಾದರೆ ರಕ್ತದ ಕೊಬ್ಬು ತೋರಿಸುವ ಟ್ರೈಗ್ಲಿಸರೈಡ್. ಗೌರಿಯ ಜಿಜಿಟಿ ಏರಿತ್ತು, ಕ್ರಿಯಾಟಿನಿನ್ ಕೂಡ. ಡಾಕ್ಟರು ಉಳಿದ ಇಂಜೆಕ್ಷನ್ ನಿಲ್ಲಿಸಿ, ಮೂಗಿನಿಂದ ಟ್ಯೂಬ್ ಹಾಕಿ ತಿನ್ನಿಸಿ, ಗ್ಲೂಕೋಸ್ ಏರಿಸಿ ಅವಳನ್ನು ಉಳಿಸಿಕೊಟ್ಟರು. ಎಷ್ಟು ಕೆಡುಕು ಇಂಜೆಕ್ಷನ್ನಿಂದ, ಎಷ್ಟು ಉಪವಾಸದಿಂದ, ಎಷ್ಟು ಪುಡಿಯಲ್ಲಿದ್ದ ವಸ್ತುವಿನಿಂದಲೇ ಎಂದು ಕೇಳಿದೆ. “ಈಗ ಬಿಡಿಸಿ ಹೇಳೋಕೆ ಆಗಲ್ಲ ಮೇಡಂ, ಅದೇ ಕಷ್ಟ” ಎಂದರು. ಔಷಧಿ ಒಂದೇ ಆಗಿದ್ದರೆ ಅವರು ಪ್ರಮಾಣ ಇಳಿಸುತ್ತಿದ್ದರು ಅಥವಾ ಅಂತರ ಹೆಚ್ಚಿಸುತ್ತಿದ್ದರು.

ನಾನು ಆಯುರ್ವೇದದ ವಿರೋಧಿಯಲ್ಲ. ನಮ್ಮ ಮನೆಯಲ್ಲಿ ಕಾಮಾಲೆಗೆ ಕಿರುನೆಲ್ಲಿ ಅರೆದು ಕೊಟ್ಟವರೇ ಎಲ್ಲರೂ. ಆದರೆ ಆ ಡಬ್ಬಿಯಲ್ಲಿದ್ದ ಒಂದೊಂದನ್ನೂ ನೋಡಿ. ಹಿಪ್ಪಲಿಯಲ್ಲಿರುವ ಪೈಪೆರಿನ್ ಎಂಬ ಅಂಶ ಬೇರೆ ಔಷಧಿಗಳು ರಕ್ತಕ್ಕೆ ಸೇರುವ ಪ್ರಮಾಣವನ್ನೇ ಹೆಚ್ಚಿಸಬಲ್ಲದು. ಟಿಬಿಗೆ ಕೊಡುವ ರಿಫಾಂಪಿಸಿನ್‌ಗೆ ಪೈಪೆರಿನ್ ಸೇರಿಸಿದ ಮಾತ್ರೆ ಭಾರತದಲ್ಲೇ ಬಂದಿದೆ, 450 ಮಿಲಿಗ್ರಾಂ ಮಾಡುವ ಕೆಲಸಕ್ಕೆ 200 ಸಾಕೆಂಬುದೇ ಅದರ ಲೆಕ್ಕ. ಅದೇ ರಿಫಾಂಪಿಸಿನ್ ಅನ್ನು ನ್ಯುಮೋನಿಯಾ ಬಂದ ಕುದುರೆಮರಿಗಳಿಗೂ ಕೊಡುತ್ತಾರೆ. ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರ್ ಉರಿಯೂತ ಕಂಡಿದ್ದೇವೆಂದು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ವಾದ ಇನ್ನೂ ಇದೆ. ಮಂಡೂರ ಭಸ್ಮವೆಂದರೆ ಕಬ್ಬಿಣ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ, ಕಬ್ಬಿಣದ ಅಂಶವಿದ್ದ ಪೂರಕವೊಂದನ್ನು ಹುಟ್ಟಿದ ಕೂಡಲೇ ಬಾಯಿಗೆ ಹಾಕಿಸಿದ್ದರಿಂದ ಕುದುರೆಮರಿಗಳು ಲಿವರ್ ಹಾಳಾಗಿ ಸತ್ತವು. ಲಿವರಿಗೆಂದು ವಿದೇಶದ ‘ಮಿಲ್ಕ್ ಥಿಸಲ್’ ಎಂಬ ಮೂಲಿಕೆಯ ಡಬ್ಬಿ ತರಿಸುವವರಿಗೂ ಒಂದು ಮಾತು: ಅದರ ಮುಖ್ಯ ಅಂಶ ಸಿಲಿಬಿನ್ ಬಾಯಿಂದ ಕೊಟ್ಟಾಗ ಕುದುರೆಯ ರಕ್ತಕ್ಕೆ ಸೇರುವುದು ಬಹಳ ಕಡಿಮೆ.

ಲಾಯದವರನ್ನು ಕೇಳಿದ್ದಕ್ಕೆ, ಪುಡಿ ಹಾಕದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು ಎಂದರು. ಕುದುರೆ ಬದುಕಿದರೂ ಸತ್ತರೂ ಈ ಮಾತು ಹೇಳಬಹುದು, ಆದ್ದರಿಂದ ಅದಕ್ಕೆ ಬೆಲೆ ಇಲ್ಲ.

ನಿಮ್ಮ ಪ್ರಾಣಿಯನ್ನು ಲಾಯದಲ್ಲಿ ಬಿಟ್ಟಿದ್ದರೆ, ಡಾಕ್ಟರು ಬರೆಯದ ಯಾವುದನ್ನೂ ಹಾಕಬಾರದೆಂದು ಬರವಣಿಗೆಯಲ್ಲೇ ಕೊಡಿ. ದಿನಾ ಬೂಸಾ ಇಡುವ ಸೈಸ್ (ಕುದುರೆ ನೋಡಿಕೊಳ್ಳುವ ಆಳು) ಜೊತೆ ನೇರವಾಗಿ ಮಾತಾಡಿ. ನಮಗೆ ಪುಡಿಯ ವಿಷಯ ಹೇಳಿದ್ದೂ ಆ ಹುಡುಗನೇ. ಏನಾದರೂ ಹಾಕಿಬಿಟ್ಟಿದ್ದಾರೆಂದು ಗೊತ್ತಾದರೆ ಜಗಳಕ್ಕೆ ನಿಲ್ಲುವ ಮೊದಲು ಡಬ್ಬಿ ಸಮೇತ ಡಾಕ್ಟರಿಗೆ ತೋರಿಸಿ, ಯಾವತ್ತಿಂದ, ಎಷ್ಟು ಹಾಕಿದರು ಎಂದು ಹೇಳಿ. ಚಿಕಿತ್ಸೆ ನಡೆಯುವಾಗ ತಟ್ಟು ಅಥವಾ ಕತ್ತೆ ಒಂದು ಹೊತ್ತಿನ ಮೇವು ಬಿಟ್ಟರೂ ಅದೇ ದಿನ ಫೋನ್ ಮಾಡಿ, ಮರುದಿನಕ್ಕೆ ಇಡಬೇಡಿ.