ಶಿರಸಿಯ ಕಳ್ಳಿ ಅಕ್ಕನ ನರ್ಸರಿ: ನಮ್ಮ ಮಳೆಯಲ್ಲಿ ಹೂ ಬಿಟ್ಟ ಗಿಡಗಳು ಇಲ್ಲಿ ಸಿಗುತ್ತವೆ

ಹೂವಿಗಾಗಿ ಕಳ್ಳಿ ಬೆಳೆಸಬೇಕು ಅನ್ನುವ ಕರಾವಳಿಯವರಿಗೆ ನಾನು ಹೇಳುವುದು ಒಂದೇ ಜಾಗ. ಶಿರಸಿಯಿಂದ ಹುಲೇಕಲ್ ಕಡೆ ಹೋಗುವಾಗ ಅಡಿಕೆ ತೋಟಕ್ಕೆ ತಾಗಿಕೊಂಡಿರುವ ಒಂದು ಮನೆ. ಬೋರ್ಡ್ ಇಲ್ಲ, ನರ್ಸರಿಗೆ ಹೆಸರೂ ಇಲ್ಲ. ಊರವರು ‘ಕಳ್ಳಿ ಅಕ್ಕನ ಮನೆ’ ಅನ್ನುತ್ತಾರೆ. ಹೆಸರು, ಫೋನ್ ನಂಬರು ಎಲ್ಲೂ ಹಾಕಬೇಡ ಅಂತ ಅವರೇ ಹೇಳಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಹುಲೇಕಲ್ ರಸ್ತೆಯಲ್ಲಿ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ಅಂಗಳದ ಒಂದು ಬದಿಗೆ ಸೋಗೆ ಹೊದಿಸಿದ ಚಪ್ಪರ. ಅದರ ಕೆಳಗೆ ತೂಗುಹಾಕಿದ ಕುಂಡಗಳಲ್ಲಿ ಎಪಿಫಿಲಮ್ ಮಿಶ್ರತಳಿಗಳು. ಬ್ರಹ್ಮಕಮಲದ ಹತ್ತಿರದ ಸಂಬಂಧಿಗಳು ಇವು. ಅದೇ ಥರ ಎಲೆಯಂತೆ ಕಾಣುವ ಚಪ್ಪಟೆ ಕಾಂಡ. ಹೂ ಮಾತ್ರ ಕೆಂಪು, ಗುಲಾಬಿ, ಕಿತ್ತಳೆ. ಕೆಲವು ಅಂಗೈಗಿಂತ ದೊಡ್ಡವು. ಬ್ರಹ್ಮಕಮಲ ಒಂದೇ ರಾತ್ರಿಗೆ ಬಾಡುತ್ತದೆ ಅಲ್ವಾ? ಈ ಬಣ್ಣದವು ಹಗಲಲ್ಲೂ ಅರಳಿರುತ್ತವೆ, ಎರಡು ಮೂರು ದಿನ ನಿಲ್ಲುತ್ತವೆ.

ಕಳ್ಳಿ ಅಂದ ಕೂಡಲೇ ಮರುಭೂಮಿ ನೆನಪಾಗುತ್ತದೆ. ಆದರೆ ಇವುಗಳ ಮೂಲ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡು. ಅಲ್ಲಿ ಮರದ ಕವಲಲ್ಲಿ, ಕೊಳೆತ ಎಲೆಯ ನಡುವೆ ಬೇರು ಬಿಟ್ಟು ಬೆಳೆಯುತ್ತವೆ. ಅದಕ್ಕೇ ನಮ್ಮ ಮಳೆಗಾಲವನ್ನು ತಡೆದುಕೊಳ್ಳುತ್ತವೆ. ಬೇರಿಗೆ ಗಾಳಿ ಆಡಬೇಕು, ಅಷ್ಟೇ. ಅಕ್ಕ ಕುಂಡಕ್ಕೆ ಮಣ್ಣು ಹಾಕುವುದು ತೀರಾ ಕಡಿಮೆ. ತೆಂಗಿನ ಸಿಪ್ಪೆಯ ತುಂಡು, ಚೆನ್ನಾಗಿ ಕೊಳೆತ ದರಕು, ಇದ್ದಿಲು, ಚಿರೇಕಲ್ಲಿನ ಚೂರು. ಪೇಟೆಯಲ್ಲಿ ಸಿಗುವ ‘ಕ್ಯಾಕ್ಟಸ್ ಮಿಕ್ಸ್’ ಚೀಲಕ್ಕಿಂತ ಇದು ಸಾವಿರ ಪಾಲು ವಾಸಿ. ಆ ಚೀಲದಲ್ಲಿ ತೆಂಗಿನ ನಾರಿನ ಪುಡಿಯೇ ಜಾಸ್ತಿ. ಜುಲೈಯಲ್ಲಿ ಒಮ್ಮೆ ನೆಂದರೆ ಒಣಗುವುದೇ ಇಲ್ಲ.

ಈ ನರ್ಸರಿಯ ನಿಜವಾದ ಬೆಲೆ ಗೊತ್ತಾಗುವುದು ಒಳಗಿನ ಕೊಟ್ಟಿಗೆಯಲ್ಲಿ. ಅಕ್ಕ ತಾವೇ ತಳಿ ಕೂಡಿಸಿ ಬೆಳೆಸಿದ ಸಸಿಗಳು ಅಲ್ಲಿವೆ. ಒಂದು ಮಳೆಗಾಲದ ಸಂಜೆ ಬ್ರಹ್ಮಕಮಲದ ಮೊಗ್ಗು ಬಿರಿಯುವುದಿತ್ತು. ‘ತಂಗೀ, ನಿಲ್ಲು, ನೋಡಿಕೊಂಡೇ ಹೋಗು’ ಅಂದರು. ಮೊಗ್ಗಿನ ತುದಿ ಸಡಿಲವಾಗುತ್ತಿದ್ದಂತೆ ಸಣ್ಣ ಕತ್ತರಿಯಿಂದ ಪರಾಗ ಹೊತ್ತ ಕೇಸರಗಳನ್ನೆಲ್ಲ ತೆಗೆದರು. ಬ್ರಹ್ಮಕಮಲ ತನ್ನದೇ ಪರಾಗಕ್ಕೆ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ. ನಮ್ಮ ಮನೆಗಳಲ್ಲಿರುವ ಗಿಡಗಳೋ, ಒಬ್ಬರಿಂದ ಒಬ್ಬರಿಗೆ ತುಂಡು ಕೊಟ್ಟು ಹಬ್ಬಿದವು. ಅಂದರೆ ಹೆಚ್ಚುಕಡಿಮೆ ಎಲ್ಲ ಒಂದೇ ಗಿಡ. ಓಣಿಯ ತುಂಬ ಹೂ ಬಿಟ್ಟರೂ ಒಂದು ಹಣ್ಣು ಕಾಣದಿರುವುದು ಇದಕ್ಕೇ. ಹಾಗಿದ್ದರೂ ಅಕ್ಕ ಕೇಸರ ತೆಗೆಯುವುದನ್ನು ತಪ್ಪಿಸುವುದಿಲ್ಲ. ‘ಅಪ್ಪ ಯಾರು ಅಂತ ಖಾತ್ರಿ ಇರಬೇಕು’ ಅನ್ನುತ್ತಾರೆ.

ಆಮೇಲೆ ಫ್ರಿಜ್ಜಿನಿಂದ ಬಟರ್ ಪೇಪರಿನ ಒಂದು ಪೊಟ್ಟಣ ಬಂತು. ಬೇಸಿಗೆಯಲ್ಲಿ ಅರಳಿದ ಕೆಂಪು ತಳಿಯ ಪರಾಗ ಅದರಲ್ಲಿ. ತೇವ ತಾಗದ ಹಾಗೆ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಹಾಗಾಗಿ ಬೇರೆ ಬೇರೆ ಕಾಲದಲ್ಲಿ ಅರಳುವ ಎರಡು ಗಿಡಗಳನ್ನೂ ಕೂಡಿಸಬಹುದು. ರಾತ್ರಿ ಹೂ ಪೂರ್ತಿ ಬಿರಿದ ಮೇಲೆ, ನಡುವೆ ನಕ್ಷತ್ರದ ಹಾಗೆ ಬಿಡಿಸಿಕೊಂಡ ಶಲಾಕಾಗ್ರಕ್ಕೆ, ಅಂದರೆ ಹೂವಿನ ಹೆಣ್ಣು ಭಾಗದ ತುದಿಗೆ, ಮೆತ್ತನೆ ಬ್ರಶ್ಶಿನಲ್ಲಿ ಪರಾಗ ಹಚ್ಚಿದರು. ತೆಳು ಬಟ್ಟೆ ಕಟ್ಟಿದರು. ಮೂಲ ಕಾಡಿನಲ್ಲಾದರೆ ಬಿಳಿ ಹೂವಿಗೆ ಬರುವುದು ರಾತ್ರಿಯ ಪತಂಗ, ಕೆಂಪು ಹೂವಿಗೆ ಬರುವುದು ಹಗಲಿನ ಹಮ್ಮಿಂಗ್‌ಬರ್ಡ್. ಆ ಎರಡು ಹೂಗಳನ್ನು ಇಲ್ಲಿ ಒಂದು ಬ್ರಶ್ ಸೇರಿಸುತ್ತದೆ. ನನಗೆ ಇದು ಇವತ್ತಿಗೂ ದೊಡ್ಡ ವಿಷಯ.

ಕೂಡಿದರೆ ಹೂವಿನ ಬುಡ ಊದುತ್ತದೆ, ಇಲ್ಲದಿದ್ದರೆ ಹಳದಿಯಾಗಿ ಉದುರುತ್ತದೆ. ಹಣ್ಣಾಗಲು ತಿಂಗಳುಗಳೇ ಬೇಕು. ಒಳಗಿನ ಸಣ್ಣ ಕಪ್ಪು ಬೀಜಗಳನ್ನು ತೊಳೆದು ಒಣಗಿಸಿ, ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿ ಬಿತ್ತುತ್ತಾರೆ. ಮೊದಲು ಬರುವುದು ಮುಳ್ಳು ಮುಳ್ಳಾದ ತೆಳ್ಳನೆ ಕಡ್ಡಿ. ಹೂ ನೋಡಲು ನಾಲ್ಕೈದು ವರ್ಷ, ಕೆಲವಕ್ಕೆ ಇನ್ನೂ ಜಾಸ್ತಿ. ಒಂದೇ ಹಣ್ಣಿನ ಸಸಿಗಳಲ್ಲಿ ಒಂದರ ಹೂ ಇನ್ನೊಂದರ ಹಾಗಿರುವುದಿಲ್ಲ.

ಪ್ರತಿ ಕುಂಡಕ್ಕೂ ಒಂದು ಚೀಟಿ. ಕಾಯಿ ಕಟ್ಟಿದ ತಾಯಿಯ ಹೆಸರು ಮೊದಲು, ಪರಾಗ ಕೊಟ್ಟ ಗಿಡದ್ದು ಆಮೇಲೆ, ಬಿತ್ತಿದ ವರ್ಷ ಕೊನೆಗೆ. ಪೆನ್ನಿನ ಶಾಯಿ ಮಳೆಗೆ ಹೋಗುತ್ತದೆ, ಅದಕ್ಕೆ ಪೆನ್ಸಿಲ್. ಸುಮ್ನೆ ಚಂದದ ಹೆಸರಿಟ್ಟು ಮಾರುವುದಿಲ್ಲ. ಹೊಸ ಎಪಿಫಿಲಮ್ ತಳಿಗಳ ಹೆಸರು ನೋಂದಾಯಿಸಲು 1940ರಲ್ಲಿ ಹುಟ್ಟಿದ ಅಮೆರಿಕದ ಎಪಿಫಿಲಮ್ ಸೊಸೈಟಿ ಇದೆ. ‘ಅಷ್ಟು ಯೋಗ್ಯವಾದ ಹೂ ಬಂದ ದಿನ ಹೆಸರಿಡುವಾ’ ಅನ್ನುವುದು ಅಕ್ಕನ ಮಾತು.

ಇದನ್ನೆಲ್ಲ ಇಷ್ಟು ಬರೆಯಲು ಕಾರಣವಿದೆ. ಇದಕ್ಕೆ ಮೊದಲು ಆನ್‌ಲೈನಿನಲ್ಲಿ ಒಬ್ಬರು ಮಾರಾಟಗಾರರಿಂದ ‘ಹೂ ಬಿಟ್ಟ ಕಳ್ಳಿ’ ತರಿಸಿದ್ದೆ. ಒಣಗಿದ ಯಾವುದೋ ಹೂವನ್ನು ಅಂಟಿನಿಂದ ಗಿಡದ ನೆತ್ತಿಗೇ ಅಂಟಿಸಿ ಕಳಿಸಿದ್ದರು. ಕೀಳಲು ಹೋದರೆ ಬೆಳೆಯುವ ತುದಿಯೇ ಹರಿಯಿತು, ಅಲ್ಲಿಂದಲೇ ಕೊಳೆಯಿತು. ಗಿಡ ಬೆಳೆಸುವವರಿಗೆ ಮಾಡುವ ಇಂಥ ಮೋಸ ನನಗೆ ಸಹಿಸಲು ಆಗುವುದಿಲ್ಲ. ಕೆಂಪು, ಹಳದಿ ತಲೆಯ ಮೂನ್ ಕ್ಯಾಕ್ಟಸನ್ನೂ ಎಷ್ಟೋ ಕಡೆ ಹೂವೆಂದೇ ಮಾರುತ್ತಾರೆ. ಅದು ಹೂವಲ್ಲ. ಹಸಿರೇ ಇಲ್ಲದ ಕಳ್ಳಿಯನ್ನು ಇನ್ನೊಂದರ ಮೇಲೆ ಕಸಿ ಮಾಡಿರುತ್ತಾರೆ. ಬುಡದಲ್ಲಿರುವುದು ಹೆಚ್ಚಾಗಿ ಡ್ರ್ಯಾಗನ್ ಫ್ರೂಟಿನ ಜಾತಿಯ ಗಿಡ. ಕೆಲವೇ ವರ್ಷ ಬಾಳುತ್ತದೆ.

ಅಕ್ಕನ ಹತ್ತಿರ ಉರುಟು ಕಳ್ಳಿ ಎಕಿನಾಪ್ಸಿಸ್ ಮಿಶ್ರತಳಿಗಳೂ ಇವೆ. ಪ್ಲಾಸ್ಟಿಕ್ ಹೊದಿಕೆಯ ಕೆಳಗೆ, ಮಳೆ ತಾಗದ ಹಾಗೆ. ಉದ್ದ ತೊಟ್ಟಿನ, ತುತ್ತೂರಿಯಂಥ ಹೂ, ನೋಡಿದರೆ ಆಸೆಯಾಗುತ್ತದೆ. ದುಡ್ಡು ಹಿಡಿದು ನಿಂತರೂ ನನಗೆ ಕೊಡಲಿಲ್ಲ. ‘ಇದಕ್ಕೆ ಚಳಿಗಾಲದಲ್ಲಿ ನೀರಿಲ್ಲದ ತಂಪು ಬೇಕು. ಕಾರವಾರದಲ್ಲಿ ಬರೀ ಮರಿ ಹಾಕ್ತದೆ, ಹೂ ಕಡಿಮೆ’ ಅಂದರು. ಮಾರುವವರು ಹೀಗೆ ಹೇಳಿದ್ದು ನಾನು ಬೇರೆಲ್ಲೂ ಕೇಳಿಲ್ಲ.

ಬದಲಿಗೆ ಕೊಟ್ಟದ್ದು ‘ಡಾಯ್ಚ ಕೈಸರಿನ್’. ಯುರೋಪಿನ ಹಳೆಯ ಎಪಿಫಿಲಮ್ ತಳಿ. ಹೂ ಸಣ್ಣದು, ತಿಳಿ ಗುಲಾಬಿ, ಆದರೆ ಗೊಂಚಲು ಗೊಂಚಲು. ಕಾರವಾರದ ಕಾಜುಬಾಗದ ನಮ್ಮ ಪೂರ್ವ ದಿಕ್ಕಿನ ಬಾಲ್ಕನಿಯಲ್ಲಿ ಈ ಬೇಸಿಗೆ ಕುಂಡ ಕಾಣದಷ್ಟು ಹೂ ಬಿಟ್ಟಿತು. ಪರಿಮಳ ಇಲ್ಲ. ಮಳೆಗಾಲದಲ್ಲಿ ಬಸವನಹುಳು ಎಳೆ ತುದಿ ತಿನ್ನುತ್ತದೆ; ರಾತ್ರಿ ಟಾರ್ಚ್ ಹಿಡಿದು ಹೆಕ್ಕಬೇಕು.

ಬೇರು ಬಂದ ಗಿಡಕ್ಕೆ 250 ರೂಪಾಯಿ, ತುಂಡಿಗೆ 80, ಹೂ ಬಿಡದ ಸಸಿಗೆ 60. ಸಸಿ ತಂದರೆ ಯಾವ ಬಣ್ಣ ಬರುತ್ತದೋ ಯಾರಿಗೂ ಗೊತ್ತಿಲ್ಲ, ಕಾಯುವ ಮನಸ್ಸಿದ್ದವರು ಮಾತ್ರ ತನ್ನಿ. ಬೇಗ ಹೂ ಬೇಕಿದ್ದರೆ ಬೇರು ಬಂದ ಗಿಡವೇ ಸರಿ. ಕೊರತೆಗಳೂ ಇವೆ. ಕೊರಿಯರ್ ಮಾಡುವುದಿಲ್ಲ. ನೆಟ್‌ವರ್ಕ್ ಸಿಗದೆ ಫೋನಿನಲ್ಲಿ ದುಡ್ಡು ಕಳಿಸಲು ಒದ್ದಾಡಬೇಕು, ನಗದು ಒಯ್ಯಿರಿ. ಅಡಿಕೆ ಕೊಯ್ಲಿನ ಸಮಯದಲ್ಲಿ ಹೋದರೆ ಮಾತಿಗೂ ಸಿಗುವುದಿಲ್ಲ. ಕಾರವಾರದಿಂದ ದೇವಿಮನೆ ಘಟ್ಟ ಹತ್ತಿ ಹೋಗಿ ಬರಲು ಇಡೀ ದಿನ ಬೇಕು.

ಬಣ್ಣದ ಹೂ ಕಣ್ಣಾರೆ ನೋಡಿ ಆರಿಸಲು ಏಪ್ರಿಲ್ ಒಳ್ಳೆಯದು. ಬೆಳಿಗ್ಗೆಯೇ ಹೋಗಿ. ‘ಆಸ್ರಿಗೆ ಎಂತ ಬೇಕು’ ಅಂತ ಕೇಳಿ ಕೋಕಂ ಪಾನಕ ಕೊಟ್ಟ ಮೇಲೆಯೇ ಗಿಡದ ಮಾತು. ನಿಮ್ಮ ಮನೆಯಲ್ಲಿ ಬೇರೆ ಬಣ್ಣದ ಎಪಿಫಿಲಮ್ ಅರಳಿದ್ದರೆ ಪರಾಗವನ್ನು ಬಟರ್ ಪೇಪರಿನಲ್ಲಿ ಮಡಿಸಿ, ತಳಿಯ ಹೆಸರು ಬರೆದು ಒಯ್ಯಿರಿ. ಅಕ್ಕ ಅದಕ್ಕೆ ದುಡ್ಡು ಕೊಡುವುದಿಲ್ಲ. ನಿಮಗೆ ಬೇಕಾದ ಗಿಡದ ಒಂದು ತುಂಡು ಕಡಿದು ಕೊಡುತ್ತಾರೆ.