ಐದಕ್ಕೆ ಎಷ್ಟು? ಕಲಬುರಗಿಯ ಒಂದು ಬಾಡಿಗೆ ಪುಸ್ತಕದಂಗಡಿಯ ಚೀಟಿಗಳು

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಗಲ್ಲಿಯೊಂದರಲ್ಲಿ ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಪುಟ್ಟ ಅಂಗಡಿಯೊಂದಿದೆ. ಅಲ್ಲಿನ ಪ್ರತಿ ಪುಸ್ತಕದ ಹಿಂದಿನ ರಟ್ಟಿನ ಒಳಮೈಗೆ ಒಂದು ಚೀಟಿ ಅಂಟಿಸಿರುತ್ತದೆ. ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಪುಸ್ತಕವನ್ನು ಓದಿ, ಐದಕ್ಕೆ ಇಷ್ಟು ನಕ್ಷತ್ರ ಎಂದು ಹಾಕಿ, ಕೆಳಗೆ ಎರಡು ಸಾಲಿನ ಕಾರಣ ಬರೆದಿರುತ್ತಾರೆ. ಕಳೆದ ಆರು ತಿಂಗಳಲ್ಲಿ ಈ ಚೀಟಿಗಳನ್ನೇ ನಂಬಿ ಹದಿನೇಳು ಕಾದಂಬರಿ ಓದಿದ ನಾನು ಇಲ್ಲಿ ಬರೆಯುತ್ತಿರುವುದು ಅಂಗಡಿಗಿಂತ ಹೆಚ್ಚಾಗಿ ಆ ಚೀಟಿಗಳ ಬಗ್ಗೆ.

ಚೀಟಿಯಲ್ಲಿ ಎರಡು ಅಂಕಿಗಳಿರುತ್ತವೆ. ಒಂದು, ಐವತ್ತನೆಯ ಪುಟಕ್ಕೆ ಬಂದಾಗ ಪೆನ್ಸಿಲಿನಲ್ಲಿ ಹಾಕಿದ್ದು. ಇನ್ನೊಂದು, ಓದಿ ಮುಗಿಸಿ ಒಂದು ವಾರ ಕಳೆದ ಮೇಲೆ ಶಾಯಿಯಲ್ಲಿ ಹಾಕಿದ್ದು. ನಾನು ತಂದ ಒಂದು ಪತ್ತೇದಾರಿ ಕಾದಂಬರಿಗೆ ಪೆನ್ಸಿಲಿನಲ್ಲಿ ನಾಲ್ಕೂವರೆ, ಶಾಯಿಯಲ್ಲಿ ಎರಡೂವರೆ ಇತ್ತು. ಕಾರಣ: ‘ಕೊಲೆಗಾರ ಸಿಕ್ಕ ಮೇಲೆ ಮೊದಲ ಅಧ್ಯಾಯ ಮತ್ತೆ ಓದಿದೆ. ಅಲ್ಲಿ ಸುಳಿವೇ ಇಲ್ಲ.’ ಎರಡು ಅಂಕಿಗಳ ನಡುವಿನ ಆ ಅಂತರವೇ ನನಗೆ ನಕ್ಷತ್ರಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ರೈಲಿನಲ್ಲಿ ಓದಲು ಬೇಕಾದಾಗ ಪೆನ್ಸಿಲನ್ನೂ, ಕೊಂಡು ಮನೆಯಲ್ಲಿಡಬೇಕೆನಿಸಿದಾಗ ಶಾಯಿಯನ್ನೂ ನೋಡುತ್ತೇನೆ.

ವಾರ ಏಕೆ ಕಾಯುತ್ತೀರಿ ಎಂದು ಒಮ್ಮೆ ಕೇಳಿದೆ. ‘ಮುಗಿಸಿದ ದಿನ ಕಣ್ಣಾಗ ನೀರ ಇರ್ತಾವ್ರಿ, ಅವತ್ತ ನಂಬರ್ ಹಾಕಿದ್ರ ಅದು ಪುಸ್ತಕಕ್ಕ ಅಲ್ಲ, ನಮ್ಮ ಕಣ್ಣೀರಿಗೆ ಹಾಕಿದಂಗ ಆಗ್ತದ’ ಎಂದರು. ಅವರ ಲೆಕ್ಕ ಮೂರರಿಂದ ಆರಂಭವಾಗುತ್ತದೆ. ಹೇಳಹೊರಟ ಕಥೆಯನ್ನು ದಾರಿ ತಪ್ಪದೆ ಹೇಳಿದರೆ ಮೂರು. ಅದಕ್ಕಿಂತ ಮೇಲೇರಲು ಪಾತ್ರವೊಂದು ವಾರದ ನಂತರವೂ ನೆನಪಿನಲ್ಲಿ ಓಡಾಡುತ್ತಿರಬೇಕು. ಪತ್ತೇದಾರಿಯನ್ನು ಪತ್ತೇದಾರಿಯೊಂದಿಗೆ, ಸಾಮಾಜಿಕವನ್ನು ಸಾಮಾಜಿಕದೊಂದಿಗೆ ಮಾತ್ರ ಹೋಲಿಸುತ್ತಾರೆ. ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೆ ನಕ್ಷತ್ರವನ್ನೇ ಹಾಕುವುದಿಲ್ಲ. ‘ಪುಟ 64ಕ್ಕೆ ಬಿಟ್ಟೆ’ ಎಂದಷ್ಟೇ ಬರೆಯುತ್ತಾರೆ.

ಕನ್ನಡದಲ್ಲಿ ನಮಗೆ ದೊರೆತಿರುವ ಅತಿ ಹಳೆಯ ಗ್ರಂಥವಾದ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕಾವ್ಯದ ಗುಣದೋಷಗಳನ್ನು ಚರ್ಚಿಸುವ ಕೃತಿ, ಅದು ಹುಟ್ಟಿದ್ದು ನಮ್ಮ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ. ಅದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದೇ ದೋಷ ಯಾವುದು, ಅದೋಷ ಯಾವುದು ಎಂಬುದನ್ನು ವಿವರಿಸುತ್ತದೆ. ಅಂಕಿಯ ಹಂಗಿಲ್ಲದೆ ತೂಗುವ ಆ ಪದ್ಧತಿಗೆ ಮೇಷ್ಟ್ರ ಎರಡು ಸಾಲಿನ ಕಾರಣವೇ ಹತ್ತಿರವೆಂದು ನನಗೆ ತೋರುತ್ತದೆ.

ಆದರೂ ಅವರ ತಕ್ಕಡಿ ಒಂದು ಕಡೆ ವಾಲುತ್ತದೆ. ನಮ್ಮ ಭಾಗದ ಆಡುನುಡಿಯಲ್ಲಿ ಬರೆದ ಪುಸ್ತಕಗಳಿಗೆ ಅರ್ಧ ನಕ್ಷತ್ರ ಹೆಚ್ಚು ಬೀಳುವುದನ್ನು ಮೂರು ಬಾರಿ ಗಮನಿಸಿದೆ. ಅವುಗಳಲ್ಲಿ ಒಂದರಲ್ಲಿ ಬೀದರಿನ ಮುದುಕಿಯೂ ಬೆಂಗಳೂರಿನಲ್ಲಿ ಓದುವ ಮೊಮ್ಮಗಳೂ ಒಂದೇ ಧಾಟಿಯಲ್ಲಿ ಮಾತನಾಡುತ್ತಾರೆ. ಆಡುನುಡಿ ಇದೆಯೆಂದ ಮಾತ್ರಕ್ಕೆ ಸಂಭಾಷಣೆ ಪಳಗಿದೆ ಎನ್ನಲಾಗದು. ಅನುವಾದಗಳ ವಿಷಯದಲ್ಲಿ ಅಂಕ ಮೂಲಕ್ಕೋ ಅನುವಾದಕರಿಗೋ ಎಂಬುದನ್ನೂ ಚೀಟಿ ಹೇಳುವುದಿಲ್ಲ.

ಇತ್ತೀಚೆಗೆ ಅಂಗಡಿಯವರು ಓದುಗರೂ ನಕ್ಷತ್ರ ಹಾಕಲೆಂದು ಗಲ್ಲಾದ ಪಕ್ಕ ಬೋರ್ಡೊಂದನ್ನು ತೂಗುಹಾಕಿ, ಸರಾಸರಿಯ ಪ್ರಕಾರ ಪುಸ್ತಕಗಳನ್ನು ಜೋಡಿಸಿದ್ದಾರೆ. ಇಬ್ಬರೇ ಓದಿ ಇಬ್ಬರೂ ಐದು ಹಾಕಿದ ಕಾದಂಬರಿ ಮೇಲಿದೆ. ನಲವತ್ತು ಮಂದಿ ಓದಿ 4.3 ಬಂದದ್ದು ಕೆಳಗಿದೆ. ಅರ್ಧದಷ್ಟು ಜನ ಐದು, ಉಳಿದರ್ಧ ಒಂದು ಕೊಟ್ಟ ಪುಸ್ತಕಕ್ಕೂ ಎಲ್ಲರೂ ಮೂರು ಕೊಟ್ಟ ಪುಸ್ತಕಕ್ಕೂ ಅಲ್ಲಿ ಸಿಗುವುದು ಒಂದೇ ಸರಾಸರಿ. ನಾನಾಗಿದ್ದರೆ ಮೊದಲನೆಯದನ್ನೇ ಮನೆಗೊಯ್ಯುತ್ತಿದ್ದೆ. ಎಷ್ಟು ಜನ ಹಾಕಿದ್ದಾರೆಂಬ ಅಂಕಿಯನ್ನಾದರೂ ಪಕ್ಕದಲ್ಲಿ ಬರೆಯಿರೆಂದು ಎರಡು ಸಲ ಹೇಳಿದ್ದೇನೆ, ಇನ್ನೂ ಬರೆದಿಲ್ಲ.

ಚೀಟಿಗೆ ನಾನು ನಾಲ್ಕು ಕೊಡುತ್ತೇನೆ, ಬೋರ್ಡಿಗೆ ಒಂದೂವರೆ. ಬೇಸಿಗೆಯಲ್ಲಿ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ, ಸಂಜೆ ಐದರ ನಂತರ ಹೋಗುವುದು ಒಳ್ಳೆಯದು. ಮೇಷ್ಟ್ರು ಸಿಗುವುದು ಭಾನುವಾರ ಮಾತ್ರ.